ಬಾಲವಾಡಿಯ ಒಂದು ವಾರ

ನಮ್ಮ ಸೀಮೆಯ ಯಾವುದಾದರೂ ಹಳ್ಳಿಯಲ್ಲಿ ನಾಲ್ಕು ವರ್ಷದ ಮಗುವೊಂದನ್ನು ಹತ್ತಿರ ಕರೆದು ‘ಇಂದು ಯಾವ ವಾರ?’ ಎಂದು ಕೇಳಿ ನೋಡಿರಿ. ಸೋಮವಾರವೆಂದೋ ಬುಧವಾರವೆಂದೋ ಅದು ಹೇಳಲಾರದು. ‘ನಾಳೆ ಸಂತಿ’ ಎಂದೀತು. ಇಲ್ಲವೆ ‘ನಿನ್ನೆ ಸಂತಿ ಆತು’ ಎಂದೀತು. ಅವ್ವ ಸೆರಗಿನ ಗಂಟಿನಲ್ಲಿ ತರುವ ಚುರುಮುರಿಯ ಒಂದು ಪೊಟ್ಟಣದಿಂದ ಇನ್ನೊಂದು ಪೊಟ್ಟಣದವರೆಗಿನ ಕಾಲಕ್ಕೆ ಆ ಮಗುವಿನ ಪಂಚಾಂಗದಲ್ಲಿ ವಾರವೆಂದು ಹೆಸರು. ಏಳು ದಿನಗಳ ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಬಹಳ ಮೊದಲೇ ವಾರವೆಂಬುದು ಮತ್ತೆ ಮತ್ತೆ ಬರುತ್ತದೆ, ಅದಕ್ಕೊಂದು ತುದಿಯಿದೆ ಎಂಬುದು ಅದಕ್ಕೆ ಗೊತ್ತಾಗಿರುತ್ತದೆ.

ಈ ಮಾತನ್ನು ಮೊದಲಿಗೇ ಹೇಳಲು ಕಾರಣವಿದೆ. ಮೂರರಿಂದ ಆರು ವರ್ಷದ ಮಕ್ಕಳು ಕುಳಿತುಕೊಳ್ಳುವ ಕೋಣೆಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಏನು ನಡೆಯಬೇಕು, ಏಕೆ ನಡೆಯಬೇಕು ಎಂಬುದು ಇಂದಿನ ನನ್ನ ವಿಷಯ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ – ಈ ಐದು ತಾಲ್ಲೂಕುಗಳ ಹಳ್ಳಿಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು, ಮೊದಲು ಕಾರ್ಯಕರ್ತೆಯಾಗಿ, ಅನಂತರ ಮೇಲ್ವಿಚಾರಕಿಯಾಗಿ ನಾನು ಓಡಾಡಿದವಳು. ಸರಕಾರದ ಕಾಗದದಲ್ಲಿ ಅದು ಅಂಗನವಾಡಿ. ಊರವರ ಬಾಯಲ್ಲಿ ಇಂದಿಗೂ ಬಾಲವಾಡಿ. ಆ ಹಳೆಯ ಹೆಸರನ್ನೇ ನಾನೂ ಬಳಸುತ್ತೇನೆ.

ಚಿಕ್ಕ ಮಕ್ಕಳು ಆಟದಿಂದಲೇ ಕಲಿಯುತ್ತಾರೆಂಬುದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಆಟದ ಶಾಲೆಯನ್ನು ತೆರೆದು, 1840ರಲ್ಲಿ ಅದಕ್ಕೆ ‘ಮಕ್ಕಳ ತೋಟ’ ಎಂಬರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟನು. 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮಾರಿಯಾ ಮಾಂಟೆಸರಿ ‘ಮಕ್ಕಳ ಮನೆ’ಯನ್ನು ಆರಂಭಿಸಿದರು. 1920ರಲ್ಲಿ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಬಾಲಮಂದಿರ ಬಂದಿತು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಕಡಲತೀರದ ಬೋರ್ಡಿಗೆ ಹೋಗಿ ನೆಲೆಸಿದರು. ಅನುತಾಯಿ ವಾಘ್ ಅವರಿಗೆ ಜೊತೆಯಾದರು. ನಗರದ ಬಾಲಮಂದಿರದಲ್ಲಿದ್ದ ಸಾಮಗ್ರಿ ಅಲ್ಲಿರಲಿಲ್ಲ. ಬಡವರ ಕೇರಿಯ ಮಕ್ಕಳು ಶಾಲೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಆಗ ಈ ಇಬ್ಬರು ಹೆಣ್ಣುಮಕ್ಕಳು ಶಾಲೆಯನ್ನೇ ಮಕ್ಕಳ ಅಂಗಳಕ್ಕೆ ಒಯ್ದರು. ಅಲ್ಲಿ ಸಿಕ್ಕ ಬೀಜ, ಎಲೆ, ಕಲ್ಲುಗಳನ್ನೇ ಪಾಠದ ಸಾಮಗ್ರಿ ಮಾಡಿಕೊಂಡರು. ಅಂಗನವಾಡಿ ಎಂಬ ಹೆಸರು ಬಂದದ್ದು ಆ ಅಂಗಳದಿಂದ. ಅದೇ ಹೆಸರಿನಲ್ಲಿ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಮಕ್ಕಳ ಯೋಜನೆಯೊಂದು ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ.

ಇಷ್ಟು ಇತಿಹಾಸವನ್ನು ತರಬೇತಿಯಲ್ಲಿ ನಾನು ಓದಿಕೊಂಡಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ‘ಅಂಗಳ’ ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ನಾನು ಮಾಡಿದ ಒಂದು ತಪ್ಪಿನಿಂದ. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ನಾನು ಸವದತ್ತಿ ಸೀಮೆಯಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ದೂಧಗಂಗೆಯ ದಂಡೆಯ ಹಳ್ಳಿಗೆ ಬಂದವಳು. ಆಗ ನನಗೆ ಮರಾಠಿ ಬರುತ್ತಿರಲಿಲ್ಲ. ಊರಿನ ಅರ್ಧ ಮನೆಗಳಲ್ಲಿ ಕನ್ನಡ, ಅರ್ಧ ಮನೆಗಳಲ್ಲಿ ಮರಾಠಿ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಅದು ಪಕ್ಷಿಗಳ ವಾರ. ಗೋಡೆಯ ಮೇಲೆ ಚಿತ್ರಪಟ ತೂಗುಹಾಕಿ, ಬೆರಳಿಟ್ಟು, ‘ಇದೇನು ಹೇಳಿರಿ?’ ಎಂದು ಕೇಳಿದೆ. ಕಿಟಕಿಯ ಬಳಿ ಕುಳಿತಿದ್ದ ಹುಡುಗಿಯೊಬ್ಬಳು ಪುಟಿದೆದ್ದು ‘ಚಿಮಣಿ!’ ಎಂದಳು. ನಮ್ಮ ಕನ್ನಡದಲ್ಲಿ ಚಿಮಣಿ ಎಂದರೆ ಸೀಮೆಎಣ್ಣೆಯ ದೀಪ. ಕನ್ನಡದ ಮನೆಗಳ ಮಕ್ಕಳು ನಕ್ಕರು. ನಾನೂ ನಕ್ಕೆ. ‘ಚಿಮಣಿ ಅಲ್ಲವ್ವಾ, ಗುಬ್ಬಿ’ ಎಂದು ತಿದ್ದಿ ಮುಂದಿನ ಚಿತ್ರಕ್ಕೆ ಹೋದೆ.

ಸಂಜೆ ನೀರಿಗೆ ಹೋದಾಗ ನೆರೆಮನೆಯಾಕೆಗೆ ಈ ಮಾತನ್ನು ತಮಾಷೆಯೆಂದು ಹೇಳಿದೆ. ಆಕೆ ನಗಲಿಲ್ಲ. ‘ಮರಾಠಿಯೊಳಗ ಗುಬ್ಬಿಗೆ ಚಿಮಣೀನ ಅಂತಾರ ನಮ್ಮವ್ವಾ’ ಎಂದಳು. ಮಗು ಹೇಳಿದ್ದು ಸರಿಯಾಗಿತ್ತು. ತಿಳಿಯದೆ ಇದ್ದವಳು ನಾನು. ಮರುದಿನ ಅವಳನ್ನು ಕರೆದು ಮಾತನಾಡಿಸಿದೆ, ತಲೆ ತಗ್ಗಿಸಿದಳು. ಅದರ ಮರುದಿನವೂ ಅಷ್ಟೆ. ಬರುತ್ತಿದ್ದಳು, ಕಿಟಕಿಯ ಬಳಿ ಕೂಡುತ್ತಿದ್ದಳು, ಉಂಡು ಹೋಗುತ್ತಿದ್ದಳು. ವಾರಗಳು ಕಳೆದರೂ ಆ ಕೋಣೆಯಲ್ಲಿ ಅವಳ ದನಿ ಕೇಳಲಿಲ್ಲ. ಅವಳ ಹಾಜರಿಯನ್ನು ಪುಸ್ತಕದಲ್ಲಿ ಬರೆಯುವಾಗ ನನ್ನ ಕೈ ತಡೆಯುತ್ತಿತ್ತು. ಮಗು ಬಂದಿದೆ ಎಂದು ಬರೆಯುತ್ತಿದ್ದೇನೆ, ನಿಜವಾಗಿ ಬಂದಿದೆಯೇ?

ಅವಳಿಗಾಗಿಯೇ ಎಂದು ನಾನೇನೂ ಉಪಾಯ ಹೂಡಲಿಲ್ಲ. ವಾರದ ಕಾರ್ಯಕ್ರಮವನ್ನು ಊರಿನ ವಾರಕ್ಕೆ ಹೊಂದಿಸಿಕೊಳ್ಳೋಣವೆಂದು, ಸಂತೆಯ ದಿನ ಬಾಲವಾಡಿಯಲ್ಲಿಯೂ ಸಂತೆ ಹೂಡಿದೆ. ಮಕ್ಕಳು ಮನೆಯಿಂದ ಎರಡು ಬದನೆಕಾಯಿ, ಒಂದು ಹಿಡಿ ಮೆಣಸಿನಕಾಯಿ, ಬೆಲ್ಲದ ಚೂರು, ಏನಾದರೊಂದು ತಂದಿದ್ದರು. ಹುಣಸೆಬೀಜವೇ ರೊಕ್ಕ. ಆ ಹುಡುಗಿಯ ತಾಯಿ ನಿಪ್ಪಾಣಿಯ ಪೇಟೆಗೆ ತರಕಾರಿ ಒಯ್ದು ಮಾರುವವಳು. ಹುಡುಗಿ ಎದ್ದು ಬಂದು, ಗೋಣಿತಟ್ಟಿನ ನಾಲ್ಕೂ ಅಂಚು ಮಡಚಿ ಹಾಸಿ, ಮೆಣಸಿನಕಾಯಿಗಳನ್ನು ಗುಂಪು ಗುಂಪಾಗಿ ಇಟ್ಟು, ಕಾಲು ಮಡಿಚಿ ಕುಳಿತಳು. ಕುಳಿತವಳೇ ಮರಾಠಿಯಲ್ಲಿ ಗಿರಾಕಿಗಳನ್ನು ಕೂಗಿದಳು. ಕನ್ನಡದ ಹುಡುಗನೊಬ್ಬ ಎದುರು ಬಂದು ನಿಂತೊಡನೆ, ತಾಯಿ ಪೇಟೆಯಲ್ಲಿ ಮಾಡುವಂತೆಯೇ ಮಾತನ್ನು ತಿರುಗಿಸಿ, ‘ತಗೋರಿ ಅಣ್ಣಾ, ಎರಡ ರೂಪಾಯಿಗೆ ಒಂದ ಗುಂಪಿ’ ಎಂದಳು. ಅವಳಿಗೆ ಕನ್ನಡ ಬರುತ್ತಿತ್ತು. ಎರಡೆರಡಾಗಿ ಎಣಿಸಲೂ ಬರುತ್ತಿತ್ತು. ಇಷ್ಟು ದಿನ ಅದನ್ನು ಹೊರಗೆ ತರಲು ಅವಳಿಗೊಂದು ಅಂಗಳ ಸಿಕ್ಕಿರಲಿಲ್ಲ.

ಅಂದು ಮಧ್ಯಾಹ್ನ ಗುಬ್ಬಿಯ ಚಿತ್ರವನ್ನು ಮತ್ತೆ ಇಳಿಸಿ ತಂದು, ‘ನನಗ ತಿಳಿದಿದ್ದಿಲ್ಲ, ಇದಕ್ಕ ಚಿಮಣಿ ಅಂತಲೂ ಅಂತಾರಂತ. ಯಾರು ಕಲಿಸ್ತೀರಿ?’ ಎಂದು ಕೇಳಿದೆ. ಅವಳು ಹೇಳಿಕೊಟ್ಟಳು, ನಾವೆಲ್ಲರೂ ಹೇಳಿದೆವು. ಮುಸಲ್ಮಾನರ ಮನೆಯ ಹುಡುಗನೊಬ್ಬ ‘ನಮ್ಮ ಮನ್ಯಾಗ ಚಿಡಿಯಾ’ ಎಂದ. ಅದನ್ನೂ ಹೇಳಿದೆವು. ಅಂದಿನಿಂದ ಯಾವ ವಿಷಯದ ವಾರವಾದರೂ ಸೋಮವಾರದ ಮೊದಲ ಪ್ರಶ್ನೆ ಒಂದೇ: ‘ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ?’

ಗಡಿಭಾಗದಲ್ಲಿ ಇಂತಹ ಮಾತಿಗೆ ಹುಬ್ಬು ಗಂಟಿಕ್ಕುವವರಿದ್ದಾರೆ. ಕನ್ನಡ ಕಲಿಸಬೇಕಾದವಳು ಮರಾಠಿ ಆಡಿಸುತ್ತಾಳೆಂದು ನನ್ನನ್ನು ಕೇಳಿದವರೂ ಉಂಟು. ನನ್ನ ಅನುಭವ ಬೇರೆ. ತನ್ನ ಮನೆಯ ಮಾತಿಗೆ ಮರ್ಯಾದೆ ಸಿಕ್ಕ ಮಗು ಇನ್ನೊಂದು ಮಾತಿಗೆ ಧೈರ್ಯವಾಗಿ ಕೈ ಚಾಚುತ್ತದೆ. ನಗೆಗೀಡಾದ ಮಗು ಎರಡನ್ನೂ ಮುಚ್ಚಿಟ್ಟುಕೊಳ್ಳುತ್ತದೆ. ಅಕ್ಕ, ಅಣ್ಣ ಎಂಬ ಮಾತುಗಳು ಎರಡು ಭಾಷೆಯ ಮನೆಗಳಲ್ಲಿಯೂ ಓಡಾಡುವ ನಾಡು ಇದು. ಮಕ್ಕಳ ಕೋಣೆಯಲ್ಲಿ ನಾವು ಅದಕ್ಕೆ ಗೋಡೆ ಕಟ್ಟುವುದೇಕೆ?

ಈಗ ಒಂದು ವಾರವನ್ನು ಬಿಡಿಸಿ ಹೇಳುತ್ತೇನೆ. ವಿಷಯ ಕಾಳು ಎಂದಿಟ್ಟುಕೊಳ್ಳಿ. ಸೋಮವಾರ ದುಂಡಗೆ ಕುಳಿತು ಮಾತು. ಮನೆಯಿಂದ ತಂದ ಜೋಳ, ಕಡಲೆ, ಹೆಸರು, ಶೇಂಗಾ ನಡುವೆ ಇರುತ್ತವೆ. ಯಾರ ಹೊಲದ್ದು, ಯಾರು ಬಿತ್ತಿದರು, ಅವ್ವ ಅದರಿಂದ ಏನು ಮಾಡುತ್ತಾಳೆ ಎಂದು ಮಕ್ಕಳೇ ಹೇಳುತ್ತಾರೆ. ಏಳುವ ಮೊದಲು ಒಂದು ಹಿಡಿ ಹೆಸರನ್ನು ನೀರಿನಲ್ಲಿ ನೆನೆಯಿಡುತ್ತೇವೆ. ಮಂಗಳವಾರ ಅದನ್ನು ಒದ್ದೆಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ಉಳಿದ ಕಾಳುಗಳನ್ನು ಬೆರೆಸಿ ಬೇರ್ಪಡಿಸುವ ಆಟ: ಬಣ್ಣದಿಂದ, ಗಾತ್ರದಿಂದ, ನುಣುಪು ಒರಟುಗಳಿಂದ. ಕಾಳನ್ನು ಮೂಗಿಗೋ ಬಾಯಿಗೋ ತುರುಕಿಕೊಳ್ಳುವ ವಯಸ್ಸಾದ್ದರಿಂದ ಮೂರು ವರ್ಷದವರ ಕೈಗೆ ಕಾಳಿನ ಬದಲು ಗೋವಿನಜೋಳದ ಇಡೀ ತೆನೆ ಕೊಡಬೇಕು. ಐದು ವರ್ಷದವರು ಕಾಳು ಮುಟ್ಟುವಾಗಲೂ ಕಣ್ಣಿಟ್ಟಿರಬೇಕು. ಬುಧವಾರ ಮಣ್ಣಿನ ಕೆಲಸ. ಅರಲು ಕಲಸಿ ಎತ್ತು, ಬಂಡಿ, ಹಗೇವು, ಒಲೆ, ಬುಟ್ಟಿ ಮಾಡುವುದು. ಗುರುವಾರ ಬಟ್ಟೆಯ ಗಂಟು ಬಿಚ್ಚಿದರೆ ಹೆಸರು ಬಾಲ ಬಿಟ್ಟಿರುತ್ತದೆ. ಆ ಕ್ಷಣದ ಮಕ್ಕಳ ಮುಖವನ್ನು ಮಾತಿನಲ್ಲಿ ತೋರಿಸುವ ಶಕ್ತಿ ನನಗಿಲ್ಲ. ನಾಲ್ಕು ಮೊಳಕೆಯನ್ನು ಒಡಕು ಗಡಿಗೆಯಲ್ಲಿ ಊರಿ, ಉಳಿದದ್ದನ್ನು ಶುಕ್ರವಾರ ಎಲ್ಲರೂ ಹಂಚಿಕೊಂಡು ತಿನ್ನುತ್ತೇವೆ. ಅಂದು ಕಥೆ, ಕಥೆಯನ್ನು ಆಡಿ ತೋರಿಸುವುದು. ಶನಿವಾರ ವಾರವನ್ನೆಲ್ಲ ನೆನೆಯುವ ದಿನ: ಮೊದಲು ಏನು ಮಾಡಿದೆವು, ಆಮೇಲೆ ಏನಾಯಿತು, ಗಡಿಗೆಯ ಸಸಿ ಎಷ್ಟು ಮೇಲೆದ್ದಿದೆ. ಊರಿನ ಸಂತೆ ಯಾವ ದಿನವೋ ಆ ದಿನದಲ್ಲಿ ಸಂತೆಯಾಟ ಸೇರಿಕೊಳ್ಳುತ್ತದೆ. ಪ್ರತಿದಿನವೂ ಅಂಗಳದಲ್ಲಿ ಕುಂಟುವುದು, ಓಡುವುದು, ಕಣ್ಣಾಮುಚ್ಚಾಲೆ ಇದ್ದೇ ಇರುತ್ತವೆ.

ಇದರಲ್ಲಿ ಓದು ಎಲ್ಲಿದೆ ಎಂದು ಕೇಳಬಹುದು. ಬೇರ್ಪಡಿಸುವುದರಲ್ಲಿ ಗಣಿತದ ಬೇರಿದೆ. ಯಾವುದು ಯಾವುದರ ಗುಂಪಿಗೆ ಸೇರಿತೆಂದು ತಿಳಿಯದವನಿಗೆ ಎಣಿಕೆ ಬರೀ ಬಾಯಿಪಾಠವಾಗುತ್ತದೆ. ಅರಲು ಹಿಸುಕಿದ ಬೆರಳುಗಳಿಗೆ ನಾಳೆ ಬಳಪ ಹಿಡಿಯುವ ಬಲ ಬರುತ್ತದೆ. ಚಪ್ಪಾಳೆ ತಟ್ಟಿ ‘ಹೆ–ಸ–ರು’ ಎಂದು ಬಿಡಿಸಿ ಹೇಳಿದ ಕಿವಿ, ಮೂರು ಅಕ್ಷರಗಳನ್ನು ಕಣ್ಣು ಕಾಣುವ ಮೊದಲೇ ಕೇಳಿಸಿಕೊಂಡಿರುತ್ತದೆ. ‘ಮೊದಲು, ಆಮೇಲೆ’ ಎಂಬ ಶನಿವಾರದ ಮಾತಿನಲ್ಲಿ ಮುಂದೆ ಓದಲಿರುವ ಎಲ್ಲ ಕಥೆಗಳ, ಎಲ್ಲ ಚರಿತ್ರೆಯ ಕ್ರಮವಿದೆ. ತನ್ನ ಸರದಿಗಾಗಿ ಕಾಯುವುದನ್ನು ಬಾಲವಾಡಿಯಲ್ಲಿ ಕಲಿಯದವರು ಎಲ್ಲಿ ಕಲಿಯುತ್ತಾರೆ?

ಒಂದೇ ವಿಷಯವನ್ನು ಒಂದು ವಾರ ಪೂರ್ತಿ ಹಿಡಿಯುವುದೇಕೆ ಎಂಬುದಕ್ಕೂ ಕಾರಣವಿದೆ. ಈ ವಯಸ್ಸಿನ ಮಗುವಿಗೆ ಒಂದು ವಸ್ತುವನ್ನು ಮುಟ್ಟಿ, ಮೂಸಿ, ಒಡೆದು, ನೆಟ್ಟು, ತಿಂದು, ಮತ್ತೆ ನೆನೆಯಲು ಅಷ್ಟು ದಿನ ಬೇಕು. ನಮ್ಮ ಸೀಮೆಗೆ ಇನ್ನೂ ಒಂದು ಕಾರಣವಿದೆ. ಕಬ್ಬು ನುರಿಸುವ ಹಂಗಾಮು ಬಂದಿತೆಂದರೆ ಉಗಾರದಂತಹ ಸಕ್ಕರೆ ಕಾರ್ಖಾನೆಗಳ ಸುತ್ತ, ಕೃಷ್ಣೆಯ ದಂಡೆಯುದ್ದಕ್ಕೂ, ಕಟಾವಿನ ಗ್ಯಾಂಗುಗಳು ಬಂದಿಳಿಯುತ್ತವೆ. ರವದಿಯ ಜೋಪಡಿಗಳಲ್ಲಿ ಮಕ್ಕಳು. ಕಬ್ಬು ಮುಗಿದ ಹೊಲದಿಂದ ಇನ್ನೊಂದು ಹೊಲಕ್ಕೆ ಗ್ಯಾಂಗು ಹೊರಟರೆ ಮಗುವೂ ಹೊರಟಿತು. ಹತ್ತು ದಿನ ಬಾಲವಾಡಿಗೆ ಬಂದ ಮಗು ಹನ್ನೊಂದನೆಯ ದಿನ ಇರುವುದಿಲ್ಲ. ವರ್ಷದ ಪಾಠಕ್ರಮದಲ್ಲಿ ಆ ಮಗುವಿಗೆ ಎಡೆಯಿಲ್ಲ. ವಾರದ ಕಾರ್ಯಕ್ರಮದಲ್ಲಿ ಇದೆ. ಒಂದೇ ವಾರ ಬಂದರೂ ಅದಕ್ಕೆ ಒಂದು ವಾರ ಪೂರ್ತಿಯಾಗಿ ಸಿಗಬೇಕು – ನೆನೆಯಿಟ್ಟ ಕಾಳು ಮೊಳೆತದ್ದನ್ನು ಅದು ಕಂಡು ಹೋಗಬೇಕು. ಆದ್ದರಿಂದಲೇ ಪ್ರತಿ ವಾರಕ್ಕೂ ಒಂದು ಮೊದಲು, ಒಂದು ಕೊನೆ ಇರಲೇಬೇಕೆಂದು ನಾನು ಹಟ ಹಿಡಿಯುತ್ತಿದ್ದೆ.

ತಾಯಂದಿರ ದುಡಿಮೆಯನ್ನು ತಿಳಿಯದೆ ಮಕ್ಕಳ ಆಟವೂ ತಿಳಿಯದು. ನಿಪ್ಪಾಣಿಯ ಸುತ್ತಿನ ಊರುಗಳಲ್ಲಿ ಹೆಣ್ಣುಮಕ್ಕಳ ಕೈ ತಂಬಾಕಿನಲ್ಲಿ, ಬೀಡಿಯಲ್ಲಿ ಸವೆದಿದೆ. ನಿಪ್ಪಾಣಿಯ ತಂಬಾಕು ಕೆಲಸದ ಮಹಿಳೆಯರ ಹೋರಾಟವನ್ನು ಕುರಿತು ‘ಯುಗಾಂತರ’ ಎಂಬ ಮಹಿಳೆಯರ ಚಿತ್ರತಂಡ 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿತು. ಅಂತಹ ಮನೆಯ ಮಗು ಬಾಲವಾಡಿಯಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಸುತ್ತುವ ಆಟವಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಥಣಿಯ ಕಡೆ ಚಪ್ಪಲಿ ಹೊಲಿಯುವವರ ಮನೆಯ ಮಗು ಎಲೆಗೆ ಕಡ್ಡಿ ಚುಚ್ಚಿ ಚಪ್ಪಲಿ ಮಾಡುತ್ತದೆ. ಚಿಂಚಲಿ ಮಾಯಕ್ಕನ ಜಾತ್ರೆ ಕಂಡುಬಂದ ರಾಯಬಾಗ ಸೀಮೆಯ ಮಕ್ಕಳು ಇಟ್ಟಿಗೆಯ ಬಂಡಿಗಳನ್ನು ಸಾಲುಗಟ್ಟಿ ಹೊಡೆಯುತ್ತಾರೆ. ಮಕ್ಕಳು ತಾವು ಕಂಡ ಬದುಕನ್ನು ಆಡಿ ಅರ್ಥಮಾಡಿಕೊಳ್ಳುತ್ತಾರೆ.

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಬಂದವು. ಹೊಳೆದಂಡೆಯ ಜನ ಊರು ಬಿಟ್ಟು ಶಾಲೆಯ ಕಟ್ಟಡಗಳಲ್ಲಿ ಆಶ್ರಯ ಪಡೆದರು. ಅಂಥ ಒಂದು ಕೇಂದ್ರದಲ್ಲಿ ಮಕ್ಕಳನ್ನು ಕೂಡಿಸಿ ಆಡಿಸಲು ಹೋಗಿದ್ದೆ. ಹಾಡು ಬೇಡ, ಕಥೆ ಬೇಡ. ಅಂಗಳದ ಮೂಲೆಯಲ್ಲಿ ಇಟ್ಟಿಗೆ ಚೂರುಗಳ ಮನೆ ಕಟ್ಟುವರು, ಲೋಟದಿಂದ ನೀರು ಸುರಿಯುವರು, ‘ಎಮ್ಮಿ ಬಿಚ್ಚರಿ, ಎಮ್ಮಿ ಬಿಚ್ಚರಿ’ ಎಂದು ಕೂಗುತ್ತ ಕಲ್ಲುಗಳನ್ನು ಎತ್ತಿ ಓಡುವರು. ಮತ್ತೆ ಕಟ್ಟುವರು, ಮತ್ತೆ ಸುರಿಯುವರು. ಹಿರಿಯರೊಬ್ಬರು ಅಪಶಕುನವೆಂದು ಗದರಿಸಲು ಬಂದರು. ನಾನು ಕೈಮುಗಿದು ತಡೆದೆ. ಮೂರನೆಯ ದಿನ ಒಬ್ಬ ಹುಡುಗ ಮೊದಲು ಮಣ್ಣಿನ ದಿಬ್ಬ ಮಾಡಿ, ಅದರ ಮೇಲೆ ಮನೆ ಕಟ್ಟಿದ. ನೀರು ಸುರಿದರು; ಮನೆ ನಿಂತಿತು. ಅಂದು ಸಂಜೆ ಅವರೆಲ್ಲ ಮೊದಲ ಬಾರಿಗೆ ಕಥೆ ಕೇಳಲು ಬಂದು ಕುಳಿತರು.

ಆದರೂ ಹಳ್ಳಿಯ ತಂದೆತಾಯಿಗಳ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಒಮ್ಮೆ ಅಜ್ಜನೊಬ್ಬರು ಮೊಮ್ಮಗನ ಕೈ ಹಿಡಿದು ಬಂದು ಬಾಗಿಲಲ್ಲಿ ನಿಂತರು. ‘ಅಕ್ಕಾರ, ಇವನ ವಾರಿಗಿ ಹುಡುಗರು ಗಾಡಿ ಹತ್ತಿ ಇಂಗ್ಲಿಷ್ ಸಾಲಿಗಿ ಹೋಗ್ತಾವ. ಎ ಬಿ ಸಿ ಡಿ ಬರೀತಾವ. ಇಂವಾ ನೋಡಿದ್ರ ಬರೇ ಮಣ್ಣಾಗ ಆಡತಾನ’ ಎಂದರು. ನಾನು ಕೇಳಿದೆ: ‘ಅಜ್ಜಾರ, ನೀವು ಎಳಗರುವಿನ ಹೆಗಲಿಗೆ ನೊಗಾ ಹೂಡತೀರೇನು?’ ಅಜ್ಜ ನಕ್ಕರು. ‘ಹೂಡೂದಿಲ್ಲವ್ವಾ. ಆದರ ಬಿಟ್ಟೂ ಬಿಡೂದಿಲ್ಲ. ಕೊರಳಿಗಿ ಹಗ್ಗಾ ಹಾಕಿ, ಜೋಡಿ ನಡಸಿ, ರೂಢಿ ಮಾಡತೀವಿ’ ಎಂದರು. ನಾನು ಕೇಳಿದ ಪ್ರಶ್ನೆಗಿಂತ ಅವರ ಉತ್ತರವೇ ಹೆಚ್ಚು ತೂಕದ್ದಾಗಿತ್ತು. ಬರೀ ಬಿಟ್ಟುಬಿಡುವುದೂ ಶಿಕ್ಷಣವಲ್ಲ. ಬಾಗಿಲು ತೆರೆದು ‘ಆಡಿಕೊಳ್ಳಿರಿ’ ಎಂದು ಹೇಳಿ, ಹಾಜರಿ, ತೂಕ, ಆಹಾರದ ಲೆಕ್ಕ ಬರೆಯುತ್ತ ಕೂಡುವ ದಿನಗಳು ನಮ್ಮಲ್ಲಿ ಇರಲಿಲ್ಲವೆಂದು ನಾನು ಹೇಳಲಾರೆ. ಜೊತೆ ನಡೆಸಿ ರೂಢಿ ಮಾಡುವ ಕ್ರಮವೊಂದು ಬೇಕು. ಅದನ್ನೇ ನಾನು ವಾರದ ಕಾರ್ಯಕ್ರಮವೆಂದು ಕರೆಯುತ್ತಿರುವುದು.

ಶಾಲೆಯವರೂ ಈ ದಾರಿಗೆ ಬಂದಿದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ–ಕಲಿ’ ನಮ್ಮ ಪ್ರಾಥಮಿಕ ಶಾಲೆಗಳ ಮೊದಲ ತರಗತಿಗಳಿಗೆ ಹಬ್ಬಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿಯ ಹಂತವೆಂದು ಎಣಿಸಿ, ಆಟದ ಮೂಲಕ ಕಲಿಕೆ ಎಂಬ ಮಾತನ್ನು ಬರೆದಿಟ್ಟಿತು. 2023ರಲ್ಲಿ ಆಟಿಕೆ, ಚಿತ್ರ, ಕಥೆಗಳ ಒಂದು ಪೆಟ್ಟಿಗೆಯನ್ನೂ ‘ಜಾದುಯೀ ಪಿಟಾರಾ’ ಎಂಬ ಹೆಸರಿನಿಂದ ಕೇಂದ್ರ ಸರಕಾರ ಹೊರತಂದಿತು. ಸಂತೋಷದ ವಿಷಯ. ಆದರೆ ಯಾವ ಪೆಟ್ಟಿಗೆಯಲ್ಲಿಯೂ ದೂಧಗಂಗೆಯ ದಂಡೆಯ ಅರಲು ಬರಲಾರದು. ಆ ಹುಡುಗಿ ಗೋಣಿತಟ್ಟಿನ ಅಂಚು ಮಡಚಿದ ರೀತಿಯೂ ಬರಲಾರದು. ಅವು ಊರಿನಲ್ಲಿಯೇ ಇವೆ; ಊರು ಅವನ್ನು ಬಾಲವಾಡಿಗೆ ಕೊಡಬೇಕು.

ಆದ್ದರಿಂದ ಕೇಳುತ್ತಿರುವ ತಂದೆತಾಯಿಗಳಲ್ಲಿ, ಅಜ್ಜ ಅಜ್ಜಿಯರಲ್ಲಿ ನನ್ನದೊಂದು ವಿನಂತಿ. ಬಾಲವಾಡಿಯಿಂದ ಮರಳಿದ ಮಗುವನ್ನು ‘ಇಂದು ಏನು ಬರೆದೆ?’ ಎಂದು ಕೇಳಬೇಡಿರಿ, ‘ಏನು ಆಡಿದೆ?’ ಎಂದು ಕೇಳಿರಿ. ಮಣ್ಣೆತ್ತಿನ ಅಮಾವಾಸ್ಯೆಗೆ ಪೇಟೆಯಿಂದ ಬಣ್ಣದ ಎತ್ತು ತರುವ ಬದಲು ಒಂದು ಬುಟ್ಟಿ ಅರಲು ತಂದು ಬಾಲವಾಡಿಯ ಕಟ್ಟೆಯ ಮೇಲಿಡಿರಿ. ಬರುವ ಸಂತೆಗೆ ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿರಿ. ಹತ್ತು ಮೆಣಸಿನಕಾಯಿಗಳನ್ನು ಅದೇ ಆರಿಸಲಿ, ಅದೇ ಎಣಿಸಲಿ. ಎಣಿಕೆ ತಪ್ಪಿದರೆ ನಗಬೇಡಿರಿ. ಅದು ಯಾವ ಭಾಷೆಯಲ್ಲಿ ಎಣಿಸಿದರೂ ನಗಬೇಡಿರಿ. ಅಂದು ನಾನು ನಕ್ಕ ನಗೆ ಎಷ್ಟು ವಾರಗಳ ಮೌನವಾಯಿತೆಂಬುದನ್ನು ಹೇಳಿದ್ದೇನೆ.